ಟೇಪು ಮೊದಲು, ಅಂಗಡಿ ಆಮೇಲೆ

(ಬಳ್ಳಾರಿಯಲ್ಲಿ ಗಾಲ್ಫ್ ಆಡುವ ಗೆಳೆಯರ ಮುಂದೆ ಒಂದು ಭಾನುವಾರ ಆಡಿದ ಮಾತುಗಳ ಬರಹ ರೂಪ)

ನಮ್ಮಪ್ಪ ಕೌಲ್ ಬಜಾರಿನಲ್ಲಿ ಟೈಲರ್ ಆಗಿದ್ದರು. ಗಾಲ್ಫ್ ಬಗ್ಗೆ ಮಾತಾಡು ಅಂತ ಕರೆದರೆ ಇವನು ಅಪ್ಪನ ಕಥೆ ಶುರು ಮಾಡಿದನಲ್ಲ ಅಂತ ನಿಮಗೆ ಅನಿಸಬಹುದು, ಆದರೆ ಕ್ಲಬ್, ಅಂದರೆ ಚೆಂಡು ಹೊಡೆಯುವ ಕೋಲಿನ ಬಗ್ಗೆ ನನಗೆ ಗೊತ್ತಿರುವುದರಲ್ಲಿ ಅರ್ಧ ಆ ಅಂಗಡಿಯಿಂದಲೇ ಬಂದಿದ್ದು. ನಮ್ಮೂರಲ್ಲಿ ಜೀನ್ಸ್ ಎಷ್ಟು ಹೊಲಿಯುತ್ತಾರೆ ಅಂತ ನಿಮಗೆ ಹೇಳಬೇಕಾಗಿಲ್ಲ. 30, 32, 34 ಅಂತ ಚೀಟಿ ಅಂಟಿಸಿಕೊಂಡು ಪ್ಯಾಂಟುಗಳು ಲಾರಿ ಹತ್ತುತ್ತವೆ. ಅಪ್ಪನ ಹತ್ತಿರ ಬರುತ್ತಿದ್ದವರು ಇಂಥ ಪ್ಯಾಂಟನ್ನೇ ಕೊಂಡು ಆಲ್ಟ್ರೇಶನ್‌ಗೆ ತಂದವರು. ಸೊಂಟ ಸರಿ ಇದ್ದರೆ ತೊಡೆ ಬಿಗಿ. ತೊಡೆ ಸರಿ ಇದ್ದರೆ ಉದ್ದ ಜಾಸ್ತಿ. "32 ಅನ್ನೋ ಮನುಷ್ಯನ್ನ ನಾನಿನ್ನೂ ನೋಡಿಲ್ಲ" ಅಂತ ಅಪ್ಪ ನಗುತ್ತಿದ್ದರು.

ಗಾಲ್ಫ್ ಕ್ಲಬ್ ಕಂಪನಿಗಳಿಗೂ ಒಬ್ಬ 32 ಮನುಷ್ಯ ಇದ್ದಾನೆ. ಅವನ 7 ಐರನ್, ಅಂದರೆ ಮಧ್ಯಮ ದೂರಕ್ಕೆ ಹೊಡೆಯುವ ಕ್ಲಬ್, ಸುಮಾರು 37 ಇಂಚು ಉದ್ದ, ನೆಲಕ್ಕೆ ಸುಮಾರು 62 ಡಿಗ್ರಿ ವಾಲಿರುತ್ತದೆ, ಕೈ ಸಾಧಾರಣ ಗಾತ್ರದ್ದು. ಅಂಗಡಿಯ ಗೋಡೆಗೆ ಒರಗಿಸಿಟ್ಟ ಸೆಟ್‌ಗಳೆಲ್ಲ ಬಹುಪಾಲು ಅವನಿಗೇ ಮಾಡಿದ್ದು. ನೀವು ಅವನಾಗಿದ್ದರೆ ಒಳ್ಳೆಯದು, ಈಗಲೇ ಮನೆಗೆ ಹೋಗಿ. ಉಳಿದವರು ಕೂತಿರಿ.

ನಾನು ಬೆಂಗಳೂರಿನಲ್ಲಿ ಹನ್ನೊಂದು ವರ್ಷ ಒಂದು ಗಾಲ್ಫ್ ಅಂಗಡಿಯ ರಿಪೇರಿ ಟೇಬಲ್ಲಿನ ಹಿಂದೆ ನಿಂತಿದ್ದೆ. ಅಲ್ಲಿ ಗಾಲ್ಫ್ ಹಳೆಯ ಆಟ, 1876ರಿಂದ ಬೆಂಗಳೂರು ಗಾಲ್ಫ್ ಕ್ಲಬ್ ಇದೆ. ನಮ್ಮ ಕಡೆ ಈಗೀಗ ಶುರು. ಇಲ್ಲಿ ಕೂತವರಲ್ಲಿ ಜಾಸ್ತಿ ಜನ ಮನೆ ತಾರಸಿಯ ಮೇಲೆ ಬಲೆ ಕಟ್ಟಿ ಹೊಡೆಯುವವರು, ತಿಂಗಳಿಗೊಮ್ಮೆ ಬೆಂಗಳೂರಿಗೋ ಹೈದರಾಬಾದಿಗೋ ಕಾರು ಹತ್ತುವವರು. ಆದರೆ ಊರು ಯಾವುದಾದರೂ ಕ್ಲಬ್ ಕೊಳ್ಳುವ ಕ್ರಮ ಒಂದೇ. ಮೊದಲು ಬ್ರ್ಯಾಂಡು, ಅಂದರೆ ಹೆಡ್ಡು, ಚೆಂಡಿಗೆ ಬಡಿಯುವ ಕೆಳತುದಿ. ಟಿವಿಯಲ್ಲಿ ಯಾರ ಕೈಯಲ್ಲಿ ನೋಡಿದ್ದೆವೋ ಅದು. ಆಮೇಲೆ ಶಾಫ್ಟು, ಅಂದರೆ ಉದ್ದನೆಯ ಕೊಳವೆ. ಅಂಗಡಿಯವನು ನೆನಪಿಸಿದರೆ ಉದ್ದ. ಗ್ರಿಪ್ ಬಗ್ಗೆ ಯಾರೂ ಕೇಳುವುದಿಲ್ಲ, ಅದು ಕ್ಲಬ್ಬಿನ ಜೊತೆ ಬರುವ ರಬ್ಬರು ಅಷ್ಟೇ. ನಾನು ಈವತ್ತು ಹೇಳಬೇಕೆಂದಿರುವುದು ಒಂದೇ ಮಾತು: ಈ ಕ್ರಮವನ್ನು ತಲೆಕೆಳಗು ಮಾಡಿ. ಗ್ರಿಪ್ಪಿನಿಂದ ಶುರು ಮಾಡಿ ಕೆಳಗಿಳಿಯಿರಿ, ಹೆಡ್ಡಿಗೆ ಬರುವಷ್ಟರಲ್ಲಿ ಹೊಸದು ಬೇಕೇ ಬೇಡವೇ ಅಂತ ನಿಮಗೇ ಗೊತ್ತಾಗುತ್ತದೆ. ತುಂಬ ಜನಕ್ಕೆ ಬೇಕಾಗುವುದಿಲ್ಲ. ಅಂಗಡಿಯಲ್ಲಿದ್ದಾಗ ಇದನ್ನು ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ.

ಗ್ರಿಪ್ ಯಾಕೆ ಮೊದಲು? ಇಡೀ ಕ್ಲಬ್ಬಿನಲ್ಲಿ ನಿಮ್ಮ ಮೈಗೆ ತಾಗುವುದು ಅದೊಂದೇ. ಎಲ್ಲಿ, ಎಡಗೈ ಮುಂದೆ ಮಾಡಿ, ಎಲ್ಲರೂ. ಬಲಗೈ ಆಟಗಾರರಾದರೆ ಎಡಗೈ, ಎಡಚರಾದರೆ ಬಲಗೈ. ಕ್ಲಬ್ ಹಿಡಿದಂತೆ ಮುಷ್ಟಿ ಮಾಡಿ. ನಡುವಿನ ಎರಡು ಬೆರಳಿನ ತುದಿ ಹೆಬ್ಬೆರಳಿನ ಬುಡದ ದಪ್ಪ ಮಾಂಸಕ್ಕೆ ಸುಮ್ನೆ ತಾಗಬೇಕು. ಉಗುರು ಒಳಗೆ ಚುಚ್ಚಿದರೆ ಗ್ರಿಪ್ ಸಣ್ಣದು. ಬೆರಳಿಗೂ ಮಾಂಸಕ್ಕೂ ನಡುವೆ ಸಂದು ಉಳಿದರೆ ದಪ್ಪದು. ಸಣ್ಣ ಗ್ರಿಪ್ ಹಿಡಿದವನು ಕ್ಲಬ್ ಕೈಜಾರುತ್ತದೆಂಬ ಭಯಕ್ಕೆ ಬಿಗಿ ಹಿಡಿಯುತ್ತಾನೆ, ಬಿಗಿ ಹಿಡಿದರೆ ಮುಂಗೈ ಗಟ್ಟಿಯಾಗುತ್ತದೆ, ಆಮೇಲೆ ಸ್ವಿಂಗ್ ಸರಿ ಇಲ್ಲ ಅಂತ ಕೋಚ್ ಹತ್ತಿರ ಹೋಗುತ್ತಾನೆ. ಅದರಲ್ಲೂ ನಮ್ಮ ಕಡೆ ಎಲ್ಲರೂ ಚಿಕ್ಕಂದಿನಲ್ಲಿ ಟೆನಿಸ್ ಬಾಲ್ ಕ್ರಿಕೆಟ್ ಆಡಿದವರು, ಕೆಳಗಿನ ಕೈಯಲ್ಲಿ ಹಿಂಡಿ ಹೊಡೆಯುವ ಅಭ್ಯಾಸ. ಅಂಥವರಿಗೆ ಒಂದು ಸುತ್ತು ದಪ್ಪ ಗ್ರಿಪ್ ಹಾಕಿಕೊಟ್ಟರೆ ಕೈ ತಾನೇ ಸ್ವಲ್ಪ ಸಡಿಲಾಗುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ದಪ್ಪ ಮಾಡುವುದಕ್ಕೆ ಹೊಸ ಸೈಜಿನ ಗ್ರಿಪ್ಪೇ ಬೇಕು ಅಂತಿಲ್ಲ. ಕೆಳಗೆ ಟೇಪು ಸುತ್ತಿದರಾಯಿತು. ಇದನ್ನು ನೀವು ಮನೆಯಲ್ಲೇ ಮಾಡಬಹುದು, ಮಾಡಿ ತೋರಿಸುತ್ತೇನೆ ನೋಡಿ. ಶಾಫ್ಟಿಗೆ ರಬ್ಬರ್ ತುಂಡು ಸುತ್ತಿ ವೈಸ್‌ನಲ್ಲಿ ಕೂರಿಸಿದೆ. ರಬ್ಬರ್ ಇಲ್ಲದೆ ಬಿಗಿದರೆ ಗ್ರಾಫೈಟ್ ಶಾಫ್ಟ್ ಸೀಳುತ್ತದೆ, ಹುಷಾರು. ಕೊಕ್ಕೆ ಬ್ಲೇಡಿನಿಂದ ಹಳೇ ಗ್ರಿಪ್ಪನ್ನು ಸೀಳಿ ತೆಗೆದೆ. ಹಳೇ ಟೇಪು ಕೆರೆದೆ. ಈಗ ದಪ್ಪ ಬೇಕಾದಷ್ಟು ಮಾಸ್ಕಿಂಗ್ ಟೇಪು ಸುತ್ತಿ, ಅದರ ಮೇಲೆ ಡಬಲ್ ಸೈಡ್ ಟೇಪು. ಟೇಪನ್ನು ಶಾಫ್ಟಿನ ತುದಿಯಿಂದ ಅರ್ಧ ಇಂಚು ಹೊರಗೆ ಬಿಟ್ಟು, ತಿರುಚಿ, ಕೊಳವೆಯ ಒಳಗೆ ತುರುಕಬೇಕು, ಇಲ್ಲದಿದ್ದರೆ ದ್ರವ ಒಳಗಿಳಿಯುತ್ತದೆ. ಇನ್ನು ಹೊಸ ಗ್ರಿಪ್. ತಲೆಯಲ್ಲಿ ಒಂದು ಸಣ್ಣ ತೂತಿದೆ, ಬೆರಳಿಂದ ಮುಚ್ಚಿ. ಪೇಂಟ್ ಅಂಗಡಿಯಲ್ಲಿ ಸಿಗುವ ಟರ್ಪೆಂಟೈನ್ ಒಳಗೆ ಹುಯ್ದು, ಅಲ್ಲಾಡಿಸಿ, ಅದನ್ನೇ ಟೇಪಿನ ಮೇಲೆ ಸುರಿಯಿರಿ. ಅಂಟು ಜಾರುಜಾರಾಗುತ್ತದೆ. ಈಗ ಯೋಚನೆ ಮಾಡುತ್ತ ನಿಲ್ಲಬಾರದು, ಒಂದೇ ದಮ್ಮಿಗೆ ತಳ್ಳಬೇಕು. ಅರ್ಧಕ್ಕೆ ನಿಂತಿತೋ, ಆ ಗ್ರಿಪ್ ಹೋಯಿತು. ಗೆರೆ ನೇರ ಮಾಡಿ, ಒಂದು ರಾತ್ರಿ ಬಿಡಿ. ಕಿಟಕಿ ತೆಗೆದಿರಲಿ, ಬೆಂಕಿ ಹತ್ತಿರ ಇರದಿರಲಿ.

ಹೊಸದು ಹಾಕುವ ಮೊದಲು ಹಳೆಯದನ್ನು ಒಮ್ಮೆ ತೊಳೆದು ನೋಡಿ. ಒಬ್ಬರು ನನ್ನ ಹತ್ತಿರ ಬಂದು "ಗ್ರಿಪ್ ಎಲ್ಲ ಸವೆದು ಹೋಗೈತ್ರಿ" ಅಂದರು. ಮುಟ್ಟಿ ನೋಡಿದರೆ ಸವೆದಿರಲಿಲ್ಲ, ಬೆವರು, ಧೂಳು ಸೇರಿ ಪಾಲಿಶ್ ಹಾಕಿದಂತಾಗಿತ್ತು. ಅವರು ಬೆಳಿಗ್ಗೆ ಒಗ್ಗಾಣಿ ಮಿರ್ಚಿ ತಿಂದು ಪೇಪರಿನಲ್ಲಿ ಕೈ ಒರೆಸಿಕೊಂಡು ಪ್ರಾಕ್ಟೀಸಿಗೆ ನಿಲ್ಲುವವರು ಅಂತ ಆಮೇಲೆ ಗೊತ್ತಾಯಿತು. ಪಾತ್ರೆ ತೊಳೆಯುವ ಸೋಪು, ಉಗುರುಬೆಚ್ಚಗಿನ ನೀರು, ಹಳೇ ಟೂತ್‌ಬ್ರಷ್. ಹತ್ತು ನಿಮಿಷದ ಕೆಲಸ. ನೆರಳಲ್ಲಿ ಒಣಗಿಸಿ.

ಇನ್ನು ಉದ್ದ. ಇದನ್ನು ಎತ್ತರದ ಮೇಲೆ ಲೆಕ್ಕ ಹಾಕುವುದು ಅರ್ಧ ಸರಿ ಮಾತ್ರ. ಇಬ್ಬರು ಆರಡಿ ಮನುಷ್ಯರು ಪಕ್ಕಪಕ್ಕ ನಿಂತರೆ ಒಬ್ಬನ ಕೈ ಮಂಡಿಯ ಹತ್ತಿರ ಬಂದಿರುತ್ತದೆ, ಇನ್ನೊಬ್ಬನದು ಬಂದಿರುವುದಿಲ್ಲ. ಕ್ಲಬ್ಬಿಗೆ ಬೇಕಾದದ್ದು ಕೈ ಎಲ್ಲಿಗೆ ನೇತಾಡುತ್ತದೆ ಅನ್ನುವುದು. ಹಾಗಾಗಿ ಚಪ್ಪಲಿ ಬಿಚ್ಚದೆ, ಆಡುವ ಶೂ ಹಾಕಿಕೊಂಡೇ ನೇರ ನಿಂತು, ಮಣಿಕಟ್ಟಿನ ಗೆರೆಯಿಂದ ನೆಲಕ್ಕೆ ಟೇಪು ಬಿಡಿ. ಅಳತೆಯನ್ನು ಬೇರೆಯವರು ನೋಡಬೇಕು, ನೀವೇ ಬಗ್ಗಿ ನೋಡಿದರೆ ಅಳತೆ ಕೆಡುತ್ತದೆ. ಪ್ಯಾಂಟಿನ ಅಳತೆ ಕೊಡುವಾಗ ಹೊಟ್ಟೆ ಒಳಗೆ ಎಳೆದುಕೊಳ್ಳುವವರ ಹಾಗೆ ಇಲ್ಲೂ ಬೆನ್ನು ಸೆಟೆಸುವವರಿದ್ದಾರೆ. ಸೆಟೆಸಬೇಡಿ. 34ರಿಂದ 37 ಇಂಚಿನ ನಡುವೆ ಬಂದರೆ ಮಾಮೂಲಿ ಉದ್ದ ಬಹುಶಃ ನಡೆಯುತ್ತದೆ. ಆಚೀಚೆ ಹೋದರೆ ಕಾಲು ಇಂಚು, ಅರ್ಧ ಇಂಚಿನ ಮಾತು.

ಇಲ್ಲಿ ನನ್ನದೇ ಒಂದು ತಪ್ಪು ಹೇಳಲೇಬೇಕು. ಕೆಲಸಕ್ಕೆ ಸೇರಿದ ಎರಡನೇ ವರ್ಷ. ಗಿಡ್ಡಗಿದ್ದ ಒಬ್ಬ ಡಾಕ್ಟರ್ ಬಂದು, ಕ್ಲಬ್ ಉದ್ದವಾಯಿತು, ಒಂದು ಇಂಚು ಕತ್ತರಿಸಿಕೊಡಿ ಅಂದರು. ನಾನು ಪೈಪ್ ಕಟ್ಟರ್ ಹಾಕಿ ಎಂಟು ಐರನ್ನಿಗೂ ಒಂದೊಂದು ಇಂಚು ಎಗರಿಸಿದೆ. ವಾರ ಬಿಟ್ಟು ಬಂದರು. "ಕ್ಲಬ್ಬಿಗೆ ತಲೆನೇ ಇಲ್ಲದ ಹಾಗೆ ಆಗಿದೆಯಪ್ಪ, ಚೆಂಡು ಎಲ್ಲಿದೆ ಅಂತಲೇ ಕೈಗೆ ಗೊತ್ತಾಗಲ್ಲ" ಅಂದರು. ಅವರು ಹೇಳಿದ್ದು ಸರಿ. ಕ್ಲಬ್ ಬೀಸುವಾಗ ತುದಿಯ ಭಾರ ಕೈಗೆ ಎಷ್ಟು ಗೊತ್ತಾಗುತ್ತದೆ ಅನ್ನುವುದಕ್ಕೆ ಸ್ವಿಂಗ್‌ವೇಟ್ ಅಂತ ಒಂದು ಅಳತೆ ಇದೆ. ಅರ್ಧ ಇಂಚು ಕತ್ತರಿಸಿದರೆ ಸುಮಾರು ಮೂರು ಪಾಯಿಂಟ್ ಇಳಿಯುತ್ತದೆ, ಒಂದು ಇಂಚಿಗೆ ಆರು. ಅದನ್ನು ವಾಪಸ್ ತರಬೇಕಾದರೆ ಹೆಡ್ಡಿಗೆ ಸುಮಾರು 12 ಗ್ರಾಂ ಸೇರಿಸಬೇಕು. ನಾನು ಹೆಡ್ಡುಗಳ ಬೆನ್ನಿಗೆ ಸೀಸದ ಪಟ್ಟಿ ಅಂಟಿಸಿ ಅಂಟಿಸಿ ಕೊಟ್ಟೆ, ನೋಡಲು ಬ್ಯಾಂಡೇಜ್ ಕಟ್ಟಿದ ಹಾಗೆ ಕಾಣುತ್ತಿತ್ತು. ಡಾಕ್ಟರಿಗೆ ಅದು ಸರಿ ಅನಿಸಿತೋ ಏನೋ, ಬೈಯಲಿಲ್ಲ.

ಅಪ್ಪನಾಗಿದ್ದರೆ ಆ ತಪ್ಪು ಮಾಡುತ್ತಿರಲಿಲ್ಲ. ಶಾಲೆ ಹುಡುಗರ ಪ್ಯಾಂಟಿನ ಬಾಟಮ್ ಮಡಚುವಾಗ ಎರಡು ಇಂಚು ಬಟ್ಟೆ ಒಳಗೇ ಬಿಟ್ಟು ಹೊಲಿಯುತ್ತಿದ್ದರು, ಮುಂದಿನ ವರ್ಷ ಬಿಚ್ಚಿದರಾಯಿತು ಅಂತ. ಕ್ಲಬ್ಬಿಗೂ ಹಾಗೆ ಮಾಡಬಹುದು. ಕತ್ತರಿಸುವ ಬದಲು ಒಂದು ತಿಂಗಳು ಒಂದು ಇಂಚು ಕೆಳಗೆ ಹಿಡಿದು ಆಡಿ. ಗ್ರಿಪ್ಪಿನ ಮೇಲೆ ಬಿಳಿ ಟೇಪಿನಲ್ಲಿ ಗುರುತು ಹಾಕಿಕೊಳ್ಳಿ. ತಿಂಗಳಾದ ಮೇಲೂ ಅದೇ ಹಿತ ಅನಿಸಿದರೆ ಆಗ ಕಟ್ಟರ್ ಹುಡುಕಿ.

ಉದ್ದದ ಜೊತೆಗೇ ಬರುವುದು ಲೈ ಆ್ಯಂಗಲ್. ಹೆಸರು ಕೇಳಿ ಹೆದರಬೇಡಿ. ಕ್ಲಬ್ ನೆಲಕ್ಕಿಟ್ಟಾಗ ಶಾಫ್ಟು ಎಷ್ಟು ವಾಲಿದೆ ಅನ್ನುವುದಷ್ಟೇ. ಚೆಂಡು ಹೊಡೆಯುವ ಕ್ಷಣದಲ್ಲಿ ಕ್ಲಬ್ಬಿನ ಮೂತಿ, ಅಂದರೆ ಟೋ, ಮೇಲಕ್ಕೆ ಎದ್ದಿದ್ದರೆ ಬಲಗೈ ಆಟಗಾರನ ಚೆಂಡು ಎಡಕ್ಕೆ ಹೋಗುತ್ತದೆ. ಟೋ ನೆಲಕ್ಕೆ ಒತ್ತಿದ್ದರೆ ಬಲಕ್ಕೆ. ಎರಡು ಡಿಗ್ರಿ ತಪ್ಪಿದರೂ 7 ಐರನ್ನಿನಲ್ಲಿ ಚೆಂಡು ಗ್ರೀನಿನ, ಅಂದರೆ ಗುಳಿ ಇರುವ ನುಣುಪು ಹುಲ್ಲಿನ, ನಡುವಿನ ಬದಲು ಅಂಚಿಗೆ ಬೀಳುವುದಕ್ಕೆ ಅದು ಸಾಕು. ನೀವೇನೋ ಸ್ವಿಂಗ್ ತಪ್ಪು ಅಂತ ಸೊಂಟ ತಿರುಗಿಸುತ್ತ ಇರುತ್ತೀರಿ.

ಇದನ್ನು ಪತ್ತೆ ಮಾಡಲು ಯಂತ್ರ ಬೇಡ, ಒಂದು ಮಾರ್ಕರ್ ಪೆನ್ ಸಾಕು. ವೈಟ್‌ಬೋರ್ಡಿನ ಮೇಲೆ ಬರೆಯುತ್ತೀರಲ್ಲ, ಅದೇ. ಚೆಂಡಿನ ಮೇಲೆ ದಪ್ಪಗೆ ಒಂದು ಗೆರೆ ಎಳೆಯಿರಿ. ಗೆರೆ ಕ್ಲಬ್ಬಿನ ಮುಖಕ್ಕೆ ಎದುರಾಗಿ, ಕಂಬದ ಹಾಗೆ ನೇರ ನಿಲ್ಲುವಂತೆ ಚೆಂಡು ಇಡಿ. ಹೊಡೆಯಿರಿ. ಈಗ ಕ್ಲಬ್ಬಿನ ಮುಖ ನೋಡಿ, ಗೆರೆ ಅಚ್ಚೊತ್ತಿರುತ್ತದೆ. ನೆಟ್ಟಗಿದ್ದರೆ ನಿಮ್ಮ ಲೈ ಸರಿ. ಗೆರೆಯ ಮೇಲ್ತುದಿ ಟೋ ಕಡೆಗೆ ವಾಲಿದ್ದರೆ ಕ್ಲಬ್ ನಿಮಗೆ ತೀರಾ ನೆಟ್ಟಗಾಗಿದೆ. ಶಾಫ್ಟಿನ ಕಡೆಗೆ ವಾಲಿದ್ದರೆ ತೀರಾ ಮಲಗಿದೆ. ಒಂದು ಹೊಡೆತ ನಂಬಬೇಡಿ, ಹತ್ತು ಹೊಡೆದು ನೋಡಿ. ತಾರಸಿ ಬಲೆಯಲ್ಲೂ ಇದು ನಡೆಯುತ್ತದೆ.

ತೋರಣಗಲ್ಲಿನ ಸ್ಟೀಲ್ ಪ್ಲಾಂಟಿನವರು ನಾಲ್ಕೈದು ಜನ ಮುಂದೆ ಕೂತಿದ್ದೀರಿ, ನಿಮಗೆ ಇದು ಬೇಗ ಅರ್ಥವಾಗುತ್ತದೆ. ಐರನ್ನಿನ ಲೈ ಬದಲಿಸುವುದು ಅಂದರೆ ಅದರ ಕುತ್ತಿಗೆಯನ್ನು ಬಗ್ಗಿಸುವುದು. ಫೋರ್ಜ್ ಮಾಡಿದ ಐರನ್ ಮೆದು ಕಾರ್ಬನ್ ಸ್ಟೀಲು, ಬೆಂಡಿಂಗ್ ಮಷೀನಿನಲ್ಲಿ ಹಿಡಿದು ಎರಡು ಡಿಗ್ರಿ ಆಚೀಚೆ ಮಾಡಿದರೆ ಬೆಣ್ಣೆಯ ಹಾಗೆ ಕೇಳುತ್ತದೆ. ಎರಕ ಹೊಯ್ದ ಗಟ್ಟಿ ಸ್ಟೇನ್‌ಲೆಸ್ ಹೆಡ್ಡು ಹಟ ಮಾಡುತ್ತದೆ, ಜಾಸ್ತಿ ಎಳೆದರೆ ಟಪ್ ಅಂತ ಮುರಿದೂ ಹೋಗುತ್ತದೆ. ಆ ಶಬ್ದ ನಾನು ಕೇಳಿದ್ದೇನೆ. ಗಿರಾಕಿ ಎದುರಿಗೇ ನಿಂತಿದ್ದರು.

ಆಳಿಗೆ ತಕ್ಕಂತೆ ಲೈ ಕೊಡುವುದನ್ನು ಮಾಮೂಲಿ ಗಿರಾಕಿಗಳ ತನಕ ತಂದವರಲ್ಲಿ ದೊಡ್ಡ ಹೆಸರು ಪಿಂಗ್ ಕಂಪನಿ ಕಟ್ಟಿದ ಕಾರ್ಸ್ಟನ್ ಸೋಲ್ಹೈಮ್ ಅವರದು. ಅವರೂ ನಿಮ್ಮ ಹಾಗೇ ಇಂಜಿನಿಯರು, ಜನರಲ್ ಎಲೆಕ್ಟ್ರಿಕ್‌ನಲ್ಲಿದ್ದವರು. ತಮ್ಮ ಪಟರ್, ಅಂದರೆ ಗುಳಿಯ ಹತ್ತಿರ ಚೆಂಡು ಉರುಳಿಸುವ ಕ್ಲಬ್, ಸರಿ ಬೀಳಲಿಲ್ಲ ಅಂತ ಗ್ಯಾರೇಜಿನಲ್ಲಿ ತಾವೇ ಒಂದು ಮಾಡಿಕೊಂಡರು, 1959ರಲ್ಲಿ. ಮುಂದೆ ಆ ಕಂಪನಿ ಐರನ್ನುಗಳ ಮೇಲೆ ಬಣ್ಣದ ಚುಕ್ಕಿ ಹಾಕಲು ಶುರು ಮಾಡಿತು. ಕಪ್ಪು ಚುಕ್ಕಿ ಅಂದರೆ ಮಾಮೂಲಿ, ಬೇರೆ ಬಣ್ಣಗಳು ಇಷ್ಟು ನೆಟ್ಟಗೆ, ಇಷ್ಟು ಮಲಗಿದ್ದು ಅಂತ. ಸೆಕೆಂಡ್ ಹ್ಯಾಂಡ್ ಪಿಂಗ್ ಸೆಟ್ ಕೊಳ್ಳುವಾಗ ಆ ಚುಕ್ಕಿ ನೋಡದೆ ದುಡ್ಡು ಕೊಡಬೇಡಿ. ಕಡಿಮೆಗೆ ಸಿಕ್ಕಿತು ಅಂತ ತಂದರೆ ಅದು ಯಾರೋ ಆರೂವರೆ ಅಡಿಯವನದ್ದಾಗಿರುತ್ತದೆ.

ಶಾಫ್ಟಿಗೆ ಬರೋಣ. ಇಲ್ಲಿ ಗಂಡಸರ ಅಭಿಮಾನ ಅಡ್ಡ ಬರುತ್ತದೆ. ರೆಗ್ಯುಲರ್, ಸ್ಟಿಫ್, ಎಕ್ಸ್‌ಟ್ರಾ ಸ್ಟಿಫ್ ಅಂತ ಇರುತ್ತಲ್ಲ, ಸೀನಿಯರ್ ಅಂತಲೂ ಒಂದಿದೆ. ಅರವತ್ತು ದಾಟಿದವರೂ ಅದನ್ನು ಮುಟ್ಟುವುದಿಲ್ಲ, ಏನೋ ಪಿಂಚಣಿ ಅರ್ಜಿ ಕೊಟ್ಟಂತೆ. ಒಂದು ಗುಟ್ಟು ಹೇಳುತ್ತೇನೆ: ಈ ಅಕ್ಷರಗಳಿಗೆ ಎಲ್ಲ ಕಂಪನಿಗಳೂ ಒಪ್ಪಿದ ಒಂದೇ ಅಳತೆ ಅಂತ ಇಲ್ಲ. ಒಬ್ಬರ ರೆಗ್ಯುಲರ್ ಇನ್ನೊಬ್ಬರ ಸ್ಟಿಫ್ಫಿನಷ್ಟು ಗಟ್ಟಿ ಇರಬಹುದು. ಹಾಗಾಗಿ ಅಕ್ಷರಕ್ಕಿಂತ ಮೊದಲು ತೂಕ ನೋಡಿ. ಐರನ್ನಿನ ಸ್ಟೀಲ್ ಶಾಫ್ಟುಗಳು ಸುಮಾರು 95ರಿಂದ 130 ಗ್ರಾಂ ಇರುತ್ತವೆ, ಗ್ರಾಫೈಟ್ 50ರಿಂದ 80ರ ಆಸುಪಾಸು. ಒಂಬತ್ತನೇ ಹೋಲ್‌ನಲ್ಲಿ ಚೆನ್ನಾಗಿ ಹೊಡೆದು ಹದಿನಾರನೇ ಹೋಲ್‌ನಲ್ಲಿ ಚೆಂಡಿನ ಹಿಂದೆ ನೆಲ ಅಗೆಯುತ್ತಿದ್ದೀರಾ? ಶಾಫ್ಟ್ ಭಾರ ಆಗಿರಬಹುದು. ಯಾವುದಕ್ಕೂ ಹೊಡೆದು ನೋಡದೆ ಶಾಫ್ಟ್ ಕೊಳ್ಳಬೇಡಿ, ಚಾರ್ಟ್ ನೋಡಿ ಕೊಂಡದ್ದು ಶಾಫ್ಟಿನ ವಿಷಯದಲ್ಲಿ ಯಾಕೋ ಕೈಗೆ ಬರುವುದಿಲ್ಲ.

ಕೊನೆಗೆ ಹೆಡ್ಡು. ಒಂದು ಮೋಸ ಬಿಚ್ಚಿಡುತ್ತೇನೆ, ಮೋಸ ಅನ್ನುವುದು ದೊಡ್ಡ ಮಾತಾಯಿತು, ಜಾಣತನ ಅನ್ನೋಣ. "ಸರ್, ಈ ಹೊಸ 7 ಐರನ್ ನಿಮ್ಮ ಹಳೆಯದಕ್ಕಿಂತ ಹದಿನೈದು ಗಜ ಜಾಸ್ತಿ ಹೋಗುತ್ತದೆ" ಅನ್ನುತ್ತಾರೆ. ಹೋಗುತ್ತದೆ, ಸುಳ್ಳಲ್ಲ. ಲಾಫ್ಟ್ ಅಂದರೆ ಕ್ಲಬ್ಬಿನ ಮುಖ ಹಿಂದಕ್ಕೆ ವಾಲಿದ ಕೋನ, ಅದು ಕಡಿಮೆಯಾದಷ್ಟೂ ಚೆಂಡು ದೂರ. ಹಿಂದಿನ 7 ಐರನ್ನಿನ ಲಾಫ್ಟ್ 34, 35 ಡಿಗ್ರಿ ಇರುತ್ತಿತ್ತು. ಈಗಿನ ಎಷ್ಟೋ ಸೆಟ್‌ಗಳಲ್ಲಿ 28ರಿಂದ 30. ಅಂದರೆ ಹಳೇ 5 ಅಥವಾ 6 ಐರನ್ನಿನ ತಳಕ್ಕೆ 7 ಅಂತ ಬರೆದು ಕೊಟ್ಟಿದ್ದಾರೆ. ತಿರುಗಿ 32 ಅಂತ ಚೀಟಿ ಅಂಟಿಸಿದ 34ರ ಪ್ಯಾಂಟು, ಹಾಕಿಕೊಂಡವನಿಗೆ ತೆಳ್ಳಗಾದೆ ಅನ್ನುವ ಖುಷಿ! ಖುಷಿ ಪಡಲಿ, ಆದರೆ ತೊಂದರೆ ಕೆಳಗೆ ಬರುತ್ತದೆ. ಅಂಥ ಸೆಟ್ಟಿನ ಪಿಚಿಂಗ್ ವೆಜ್, ಅಂದರೆ ಹತ್ತಿರದ ಹೊಡೆತದ ಕ್ಲಬ್, 43, 44 ಡಿಗ್ರಿಗೆ ಇಳಿದಿರುತ್ತದೆ, ನಿಮ್ಮ ಸ್ಯಾಂಡ್ ವೆಜ್ 56. ನಡುವೆ 12 ಡಿಗ್ರಿ ಹಳ್ಳ. ನೂರು ಗಜ ಉಳಿದಾಗ ಕೈಯಲ್ಲಿ ಸರಿಯಾದ ಕ್ಲಬ್ಬೇ ಇಲ್ಲ. ಅದಕ್ಕೆ ಇನ್ನೊಂದು ವೆಜ್ ಕೊಳ್ಳಬೇಕು, ಅಲ್ವಾ? ಹಾಗಾಗಿ ತಳದ ನಂಬರ್ ಬಿಡಿ, ಲಾಫ್ಟ್ ಕೇಳಿ, ಪ್ರತಿ ಕ್ಲಬ್ಬಿನದ್ದೂ ಬರೆದುಕೊಳ್ಳಿ. ಬ್ಯಾಗಿನಲ್ಲಿ ಹದಿನಾಲ್ಕಕ್ಕಿಂತ ಜಾಸ್ತಿ ಇಡುವಂತಿಲ್ಲ, 1930ರ ದಶಕದ ಕೊನೆಯಿಂದ ಇರುವ ನಿಯಮ ಅದು. ಕಡಿಮೆ ಇರಬಾರದು ಅಂತ ಯಾರೂ ಹೇಳಿಲ್ಲ. ಹೊಸಬರಿಗೆ ಏಳೆಂಟು ಸಾಕು.

ಡ್ರೈವರ್, ಅಂದರೆ ಎಲ್ಲಕ್ಕಿಂತ ದೂರ ಹೊಡೆಯುವ ಕ್ಲಬ್, ಅದರ ಬಗ್ಗೆ ಒಂದೇ ಮಾತು. ಸ್ವಿಂಗ್ ನಿಧಾನ ಇದ್ದವರಿಗೆ ಲಾಫ್ಟ್ ಜಾಸ್ತಿ ಬೇಕು. 9 ಡಿಗ್ರಿ ಹಿಡಿದು ಒದ್ದಾಡುವ ಬದಲು 10.5 ಇಲ್ಲವೇ 12 ಹಿಡಿಯಿರಿ. ಕುತ್ತಿಗೆಯಲ್ಲಿ ತಿರುಪು ಇರುವ ಡ್ರೈವರಾದರೆ ಮನೆಯಲ್ಲೇ ತಿರುಗಿಸಿಕೊಂಡು ಬನ್ನಿ, ರೌಂಡ್ ಶುರುವಾದ ಮೇಲೆ ತಿರುಗಿಸುವಂತಿಲ್ಲ.

ವೆಜ್ ಬಗ್ಗೆ ಮಾತ್ರ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಇದು ನಮ್ಮ ಮಣ್ಣಿನ ವಿಷಯ. ವೆಜ್ ತಿರುಗಿಸಿ ಅದರ ತಳ ನೋಡಿ. ಮುಂದಿನ ಅಂಚಿಗಿಂತ ಹಿಂದಿನ ಭಾಗ ಕೆಳಗೆ ಉಬ್ಬಿರುತ್ತದೆ. ಆ ಉಬ್ಬಿನ ಕೋನಕ್ಕೆ ಬೌನ್ಸ್ ಅನ್ನುತ್ತಾರೆ. ಜಾಸ್ತಿ ಬೌನ್ಸ್ ಅಂದರೆ ಆನೆಗುಂದಿಯ ಹರಿಗೋಲಿನ ತಳ ಇದ್ದ ಹಾಗೆ, ಮರಳಿನಲ್ಲಿ ಮುಳುಗದೆ ತೇಲಿಕೊಂಡು ಹೋಗುತ್ತದೆ. ಕಡಿಮೆ ಬೌನ್ಸ್ ಅಂದರೆ ಸಲಿಕೆಯ ಬಾಯಿ, ಕೆಳಗೆ ನುಗ್ಗುತ್ತದೆ. ಹೀಗೆ ತಳಕ್ಕೆ ಉಬ್ಬು ಕೊಟ್ಟ ಸ್ಯಾಂಡ್ ವೆಜ್ಜನ್ನು ಬಳಕೆಗೆ ತಂದ ಹೆಸರು ಅಮೆರಿಕದ ಜೀನ್ ಸಾರಾಜೆನ್ ಅವರಿಗಿದೆ, ಅದನ್ನು ಹಿಡಿದು 1932ರ ಬ್ರಿಟಿಷ್ ಓಪನ್ ಗೆದ್ದರು.

ಈಗ ನಮ್ಮ ಮೈದಾನ ನೆನೆಸಿಕೊಳ್ಳಿ. ಏಪ್ರಿಲ್, ಮೇ ತಿಂಗಳು, ಬಿಸಿಲು 40 ದಾಟಿದೆ, ನೆಲ ರೋಡಿನಷ್ಟು ಗಟ್ಟಿ. ಅಲ್ಲಿ 14 ಡಿಗ್ರಿ ಬೌನ್ಸಿನ ವೆಜ್ ಇಟ್ಟು ಹೊಡೆದರೆ ತಳದ ಉಬ್ಬು ನೆಲಕ್ಕೆ ಬಡಿದು ಪುಟಿಯುತ್ತದೆ, ಮುಂದಿನ ಅಂಚು ಚೆಂಡಿನ ಹೊಟ್ಟೆಗೆ ತಾಗಿ ಚೆಂಡು ಗುಂಡಿನ ಹಾಗೆ ನೆಲಕ್ಕೆ ಸಮನಾಗಿ ಹಾರುತ್ತದೆ. "ಹಿಂಗ್ಯಾಕ್ ಹೋಗ್ತೈತ್ರಿ ಸರ?" ಅಂತ ಇಲ್ಲಿ ನನ್ನನ್ನು ಜಾಸ್ತಿ ಜನ ಕೇಳಿದ್ದು ಇದೇ ಪ್ರಶ್ನೆ. ಗಟ್ಟಿ ನೆಲಕ್ಕೆ 4ರಿಂದ 6 ಡಿಗ್ರಿ ಬೌನ್ಸ್ ಒಳ್ಳೆಯದು. ಆದರೆ ನೀವು ತಿಂಗಳಿಗೊಮ್ಮೆ ಆಡುವುದು ನೀರು ಬಿಟ್ಟು ಬೆಳೆಸಿದ ಮೆತ್ತನೆ ಹುಲ್ಲಿನ ಮೇಲೆ, ಬಂಕರ್ ಮರಳಿನ ಮೇಲೆ. ಅಲ್ಲಿ ಅದೇ ವೆಜ್ ನೆಲಕ್ಕಿಳಿದು ಕೂತುಬಿಡುತ್ತದೆ. ಹಾಗಾಗಿ ನಮ್ಮವರಿಗೆ ನಾನು ಕೊಡುವ ಸಲಹೆ ಎರಡು ವೆಜ್: 56ರಲ್ಲಿ ಬೌನ್ಸ್ ಜಾಸ್ತಿ, 60ರಲ್ಲಿ ಕಡಿಮೆ. ನೆಲ ನೋಡಿ ತೆಗೆಯಿರಿ. ಇದು ನನ್ನ ಅಭಿಪ್ರಾಯ, ಒಪ್ಪದ ಕೋಚ್‌ಗಳೂ ಇದ್ದಾರೆ, 60 ಹೊಸಬರ ಕೈಗೆ ಕೊಡಲೇಬಾರದು ಅನ್ನುತ್ತಾರೆ. ಅವರ ಮಾತಿನಲ್ಲೂ ಹುರುಳಿದೆ.

ಪಟರ್‌ಗೆ ದುಡ್ಡು ಹಾಕಲು ಎಲ್ಲರೂ ಹಿಂದೆಮುಂದೆ ನೋಡುತ್ತಾರೆ. ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನಕ್ಕೆ ಬಂದಾಗ ದೂರ ಹೊಡೆಯುವುದರಲ್ಲಿ ಹಿಂದೆ ಇದ್ದರು, ಆ ವಾರ ಅವರನ್ನು ಪದಕದ ಹತ್ತಿರ ತಂದದ್ದು ಪಟರ್. ಕನ್ನಡಿಯೊಂದನ್ನು ನೆಲಕ್ಕಿಟ್ಟು ಅದರ ಮೇಲೆ ಚೆಂಡಿಡಿ, ಆಡುವ ಹಾಗೆ ನಿಲ್ಲಿ. ಕಣ್ಣು ಚೆಂಡಿನ ನೇರ ಮೇಲೋ, ಅದಕ್ಕಿಂತ ಸ್ವಲ್ಪ ಒಳಗೋ ಕಂಡರೆ ಉದ್ದ ಸರಿ. ತುಂಬ ಒಳಗಿದ್ದರೆ ಪಟರ್ ನಿಮಗೆ ಉದ್ದವಾಗಿದೆ, ಅಂಗಡಿಯ ಮಾಮೂಲಿ ಪಟರ್ ನಮ್ಮಲ್ಲಿ ಬಹಳ ಜನಕ್ಕೆ ಉದ್ದವೇ.

ಹಿಂದಿನ ಸಾಲಿನಿಂದ ಒಬ್ಬ ಅಕ್ಕ ಕೇಳಿದರು, ಲೇಡೀಸ್ ಸೆಟ್ಟೇ ತಗೋಬೇಕಾ ಅಂತ. ಬೇಡ. ಲೇಡೀಸ್ ಸೆಟ್ ಅಂದರೆ ಹಗುರ, ಗಿಡ್ಡ, ಮೆದು ಶಾಫ್ಟ್, ಸಣ್ಣ ಗ್ರಿಪ್, ಬೇರೇನಿಲ್ಲ. ನೀವು ಐದೂವರೆ ಅಡಿ ಇದ್ದು ಜೋರಾಗಿ ಬೀಸುವವರಾದರೆ ಅದು ನಿಮಗೆ ಆಟಿಕೆ. ಮೇಲೆ ಹೇಳಿದ ಅಳತೆಗಳು ಹೆಂಗಸು ಗಂಡಸು ಅಂತ ನೋಡುವುದಿಲ್ಲ. ಆದರೆ ಮಕ್ಕಳಿಗೆ ಮಾತ್ರ ಅಪ್ಪನ ಹಳೇ ಕ್ಲಬ್ ಕತ್ತರಿಸಿ ಕೊಡಬೇಡಿ. ಅಪ್ಪನ ಪ್ಯಾಂಟು ಕತ್ತರಿಸಿದರೆ ಮಗನಿಗೆ ಚಡ್ಡಿಯಾದರೂ ಆಗುತ್ತದೆ, ಶಾಫ್ಟ್ ಕತ್ತರಿಸಿದರೆ ಕಬ್ಬಿಣದ ಸರಳಿನ ಹಾಗೆ ಗಟ್ಟಿಯಾಗುತ್ತದೆ, ಹೆಡ್ಡಿನ ಭಾರ ಹಾಗೇ ಉಳಿಯುತ್ತದೆ. ಎತ್ತಲಾರದೆ ಮಗು ಇಡೀ ಮೈ ಎಸೆದು ಹೊಡೆಯಲು ಕಲಿಯುತ್ತದೆ.

ಉಳಿದ ಸಾಮಾನು ಬೇಗ ಹೇಳುತ್ತೇನೆ. ಗ್ಲೌಸ್ ಎರಡು ಇಟ್ಟುಕೊಂಡು ಬದಲಿಸುತ್ತ ಆಡಿ, ನಮ್ಮ ಬೆವರಿಗೆ ಒಂದು ಸಾಲದು. ತೆಗೆದ ಮೇಲೆ ಮುದ್ದೆ ಮಾಡಿ ಬ್ಯಾಗಿಗೆ ತುರುಕಬೇಡಿ. ಚೆಂಡು ಯಾವುದಾದರೂ ಒಂದೇ ಬಗೆಯದನ್ನು ಹಿಡಿಯಿರಿ, ಕಳೆದುಕೊಳ್ಳುವ ಹಂತದಲ್ಲಿದ್ದರೆ ಅಗ್ಗದ್ದೇ ಒಳ್ಳೆಯದು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ, ನಮ್ಮೂರು ಅದರ ಅರ್ಧದಷ್ಟು. ಅಲ್ಲಿ ಗಾಳಿ ತೆಳು, ಚೆಂಡು ಸ್ವಲ್ಪ ಜಾಸ್ತಿ ಹೋಗುತ್ತದೆ, ಅದನ್ನು ಹೊಸ ಕ್ಲಬ್ಬಿನ ಮಹಿಮೆ ಅಂತ ತಿಳಿಯಬೇಡಿ. ಇನ್ನು ಕಾರಿನ ಡಿಕ್ಕಿ. ಬೇಸಿಗೆಯಲ್ಲಿ ಬ್ಯಾಗನ್ನು ಅಲ್ಲೇ ಬಿಡುವವರು ಕೈ ಎತ್ತಿ. ಇಷ್ಟು ಜನವಾ! ಹೆಡ್ಡನ್ನು ಶಾಫ್ಟಿಗೆ ಹಿಡಿದಿರುವುದು ಎಪಾಕ್ಸಿ ಅಂಟು. ನಾವು ರಿಪೇರಿಯವರು ಹೆಡ್ಡು ಬಿಚ್ಚುವುದೇ ಅದನ್ನು ಬಿಸಿ ಮಾಡಿ. ನಮ್ಮ ಮೇ ತಿಂಗಳ ಡಿಕ್ಕಿ ಆ ಕೆಲಸವನ್ನು ದಿನಾ ಸ್ವಲ್ಪ ಸ್ವಲ್ಪ ಮಾಡುತ್ತಿರುತ್ತದೆ. ಗ್ರಿಪ್ಪಿನ ರಬ್ಬರೂ ಒಣಗಿ ಗಾಜಾಗುತ್ತದೆ. ಬ್ಯಾಗ್ ಮನೆಯೊಳಗೆ ತನ್ನಿ, ಮನೆಯವರು ಬೈದರೂ ಪರವಾಗಿಲ್ಲ.

ಟೈಮ್ ಆಯಿತು. ಹೊರಗೆ ವರಾಂಡದಲ್ಲಿ ವೈಸ್, ಟೇಪು, ಮಾರ್ಕರ್ ಎಲ್ಲ ಇದೆ. ಮೊದಲು ಗೆರೆ ಎಳೆದ ಚೆಂಡು ಹೊಡೆದು ನೋಡುವವರು ಬನ್ನಿ, ಗ್ರಿಪ್ ಹಾಕಿಸುವವರು ಆಮೇಲೆ. ಒಬ್ಬರಿಗೆ ಎರಡೇ ಕ್ಲಬ್, ಟರ್ಪೆಂಟೈನ್ ಒಂದೇ ಬಾಟಲಿ ತಂದಿದ್ದೇನೆ.